ಹಾಲು ಕುಡಿಯುವಾಗ ಸುಮ್ಮನಿರದ ಕೈ: ಮಿಟನ್ಸಾ, ಮಣಿಸರವಾ, ಸೆರಗಿನ ತುದಿಯಾ?

ನನ್ನ ಕತ್ತಿನ ಎಡಗಡೆ ಕಾಳುಮೆಣಸಿನಷ್ಟು ದಪ್ಪದ ಒಂದು ಮಚ್ಚೆ ಇದೆ. ಮೂವತ್ತು ವರ್ಷ ಅದು ಅದರ ಪಾಡಿಗಿತ್ತು, ನಾನು ನನ್ನ ಪಾಡಿಗಿದ್ದೆ. ಚಿಕ್ಕವಳಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಅದು ಅವಳ ಕೈಗೆ ಸಿಕ್ಕಿತು. ಬಾಯಿ ತನ್ನ ಕೆಲಸ ಮಾಡುತ್ತಿದ್ದರೆ ಹೆಬ್ಬೆರಳು, ತೋರುಬೆರಳು ಮಚ್ಚೆಯ ಬುಡ ಹುಡುಕುತ್ತಿದ್ದವು: ತಿರುಪುವುದು, ಎಳೆಯುವುದು, ಉಗುರಿನ ತುದಿಯಿಂದ ಮೀಟುವುದು. ರಾತ್ರಿ ಎರಡೂವರೆಗೆ, ನಿದ್ದೆಗಣ್ಣಲ್ಲಿ, ಆ ಒಂದು ಮೀಟು ನೇರ ನೆತ್ತಿಗೇರುತ್ತಿತ್ತು. ದೊಡ್ಡವನದು ಬೇರೆ ಚಾಳಿ. ಅವನಿಗೆ ಕರಿಮಣಿ ಸರವೇ ಬೇಕಿತ್ತು. ಅದು ಸಿಗದಿದ್ದರೆ ಕಿವಿ ಪಕ್ಕದ ಕೂದಲು.

ಹಾಲೂಡಿಸಿದ ಯಾರನ್ನೇ ಕೇಳಿ, ಇಂಥದ್ದೊಂದು ಕತೆ ಇರುತ್ತದೆ. ಒಂದು ಮಗು ಅಮ್ಮನ ಬಾಯೊಳಗೆ ಬೆರಳು ತೂರಿಸಿ ಹಲ್ಲು ಎಣಿಸುತ್ತದೆ. ಇನ್ನೊಂದು ಎದೆಗೆ ಪಟಪಟ ಬಡಿಯುತ್ತದೆ. ಮತ್ತೊಂದು ಹೊಟ್ಟೆಯ ಮಡಿಕೆ ಹಿಡಿದು ಹಿಂಡುತ್ತದೆ. ಕೆಲವಂತೂ ಒಂದು ಕಡೆ ಕುಡಿಯುತ್ತಾ ಇನ್ನೊಂದು ಕಡೆಯ ತೊಟ್ಟನ್ನು ಹಳೇ ರೇಡಿಯೋ ಗುಂಡಿಯಂತೆ ತಿರುಗಿಸುತ್ತಿರುತ್ತವೆ. ಸಲಹೆಗೂ ಬರವಿಲ್ಲ. "ಮಗು ಅಲ್ವೇನಮ್ಮಾ, ಆಡ್ಕೊಳ್ಲಿ ಬಿಡು" ಅಂದರು ಅತ್ತೆ. ಆಫೀಸಿನ ಗೆಳತಿ ಆನ್‌ಲೈನಲ್ಲಿ ಮಣಿಸರ ತರಿಸು ಅಂದಳು. ಅಮ್ಮ, ಕೈ ಸೇರಿಸಿ ಹಳೇ ಸೀರೆಯಲ್ಲಿ ಸುತ್ತಿಬಿಡು ಅಂದಳು. ಇಬ್ಬರು ಮಕ್ಕಳ ನಡುವೆ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದ್ದೇನೆ. ಯಾವುದು ಯಾವ ವಯಸ್ಸಿಗೆ ಒಗ್ಗುತ್ತದೆ, ಯಾವುದಕ್ಕೆ ದುಡ್ಡು ದಂಡ, ಯಾವುದರಲ್ಲಿ ಅಪಾಯವಿದೆ ಅನ್ನುವುದನ್ನು ಎದುರುಬದುರು ಇಟ್ಟು ನೋಡೋಣ. ಮೊದಲೇ ಹೇಳಿಬಿಡುತ್ತೇನೆ: ಕೈ ಕಟ್ಟಿಹಾಕುವ ಉಪಾಯಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕೈಗೊಂದು ಕೆಲಸ ಕೊಡುವ ಉಪಾಯಗಳಿಗೇ ನನ್ನ ಓಟು.

ಮೊದಲು ವಯಸ್ಸು ನೋಡಿ

ಎರಡು ವಾರದ ಮಗುವಿನ ಕೈಗೂ ಹನ್ನೊಂದು ತಿಂಗಳ ಮಗುವಿನ ಕೈಗೂ ಒಂದೇ ಮದ್ದು ಹುಡುಕಿದರೆ ಯಾವುದೂ ನಾಟುವುದಿಲ್ಲ.

ಎಳೆಗೂಸಿನ ಕೈ ತುಂಟಾಟ ಮಾಡುತ್ತಿರುವುದಿಲ್ಲ, ದಾರಿ ಹುಡುಕುತ್ತಿರುತ್ತದೆ. ಅಂಗೈಗೆ ಏನು ತಾಗಿದರೂ ಮುಷ್ಟಿ ಬಿಗಿಯುವುದು ಹುಟ್ಟುತ್ತಲೇ ಬಂದದ್ದು. ಐದಾರು ತಿಂಗಳ ಹೊತ್ತಿಗೆ ತಾನಾಗಿ ಮಾಯವಾಗುತ್ತದೆ. ಎದೆಯ ಮೇಲೆ ಆ ಪುಟ್ಟ ಕೈ ಒತ್ತುವುದಕ್ಕೂ ಅರ್ಥವಿದೆ. 2001ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ, ಆಗಷ್ಟೇ ಹುಟ್ಟಿದ ಮಕ್ಕಳನ್ನು ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ ಕೈಯ ಚಲನೆಯನ್ನು ವೀಡಿಯೋ ಮಾಡಿಕೊಂಡರು, ಜೊತೆಗೆ ತಾಯಿಯ ರಕ್ತವನ್ನೂ ಆಗಾಗ ಪರೀಕ್ಷಿಸಿದರು. ಮಗು ಕೈಯಿಂದ ಎದೆ ನೀವುವುದು ಹೆಚ್ಚಾದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಪ್ರಮಾಣವೂ ಏರುತ್ತಿತ್ತು. ಹಾಲು ಇಳಿಯುವಂತೆ ಮಾಡುವ ಹಾರ್ಮೋನು ಅದೇ. ದನ ಸಾಕಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರು ಕೆಚ್ಚಲಿಗೆ ಒಂದೆರಡು ಸಲ ಗುದ್ದದೆ ಹಸು ಹಾಲಿಳಿಸುತ್ತದೆಯೇ?

ಇನ್ನೊಂದು ಉಪಯೋಗವೂ ಉಂಟು. ಹಸಿದ ಎಳೆಗೂಸು ಮುಷ್ಟಿ ಬಿಗಿದು ಬಾಯಿಯ ಹತ್ತಿರ ಇಟ್ಟುಕೊಂಡಿರುತ್ತದೆ. ಹೊಟ್ಟೆ ತುಂಬುತ್ತಾ ಬಂದಂತೆ ಮುಷ್ಟಿ ಸಡಿಲವಾಗಿ, ಕೊನೆಗೆ ಅಂಗೈ ಮೇಲಾಗಿ ಕೈ ಜೋಲುತ್ತದೆ. ಪಕ್ಕಾ ಅಳತೆಯೇನಲ್ಲ, ಆದರೆ "ಹಾಲು ಸಾಕಾಯ್ತೋ ಇಲ್ವೋ" ಅಂತ ಚಡಪಡಿಸುವ ಹಸಿ ಬಾಣಂತಿಗೆ ಅಷ್ಟು ಸಾಕು. ಕೈಗೆ ಗವಸು ತೊಡಿಸಿಬಿಟ್ಟರೆ ಇದು ಕಾಣುವುದೇ ಇಲ್ಲ.

ನಾಲ್ಕನೇ ತಿಂಗಳ ಸುಮಾರಿಗೆ ಮಗು ಕಂಡದ್ದಕ್ಕೆಲ್ಲ ಕೈ ಚಾಚಲು ಕಲಿಯುತ್ತದೆ. ಫ್ಯಾನ್ ತಿರುಗಿದರೆ ಅತ್ತ, ಕುಕ್ಕರ್ ಕೂಗಿದರೆ ಇತ್ತ, ನಡುವೆ ಕೈಗೆ ಸಿಕ್ಕಿದ್ದನ್ನು ಜಗ್ಗುವುದು. ಒಂಬತ್ತು-ಹತ್ತನೇ ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ಕಾಳನ್ನೂ ಹೆಕ್ಕುವ ಹಿಡಿತ ಬರುತ್ತದೆ. ಚಿವುಟಾಟ ಶುರುವಾಗುವುದು ಆಗಲೇ. ನನ್ನ ಮಚ್ಚೆ ಒಂಬತ್ತನೇ ತಿಂಗಳಲ್ಲೇ ಸಿಕ್ಕಿಬಿದ್ದದ್ದು ಯಾಕೆ ಅಂತ ನನಗೆ ಹೊಳೆದದ್ದು, ಅವಳು ಚಾಪೆ ಮೇಲಿಂದ ಒಂದೊಂದೇ ಮಂಡಕ್ಕಿ ಹೆಕ್ಕಿ ತಿನ್ನುವುದನ್ನು ನೋಡಿದ ದಿನ. ಅದೇ ಎರಡು ಬೆರಳು, ಅದೇ ಶ್ರದ್ಧೆ. ವರ್ಷ ದಾಟಿದ ಮೇಲೆ ಕೈಯಾಟ ಕುತೂಹಲಕ್ಕಿಂತ ಹೆಚ್ಚಾಗಿ ಸಮಾಧಾನಕ್ಕೆ. ನಿದ್ದೆಗೆ ಜಾರಲು ಕೆಲವು ಮಕ್ಕಳಿಗೆ ಹೆಬ್ಬೆರಳು ಬೇಕು, ಕೆಲವಕ್ಕೆ ಅಮ್ಮನ ಮೈಯ ಒಂದು ಗೊತ್ತಾದ ಜಾಗ ಬೇಕು.

ಮಿಟನ್ಸೋ, ನೇಲ್ ಕಟರೋ

ಬಾಣಂತಿ ನೋಡಲು ಬರುವವರು ತರುವ ಉಡುಗೊರೆಯಲ್ಲಿ ಮಿಟನ್ಸ್ ಇರಲೇಬೇಕು. ನನಗೆ ದೊಡ್ಡವನ ಸಲಕ್ಕೇ ಏಳು ಜೊತೆ ಬಂದಿದ್ದವು. ಮಗು ತನ್ನ ಮುಖವನ್ನೇ ಪರಚಿಕೊಂಡು ಕೆಂಪು ಗೀರು ಮಾಡಿಕೊಂಡಾಗ ಅವು ಉಪಯೋಗಕ್ಕೆ ಬರುತ್ತವೆ, ಇಲ್ಲ ಅನ್ನುವುದಿಲ್ಲ. ಹಾಲು ಕುಡಿಸುವಾಗ ಮಾತ್ರ ತೆಗೆದಿಡಿ. ಮಗುವಿಗೆ ಕೈಯೇ ಕಣ್ಣಾಗಿರುವ ದಿನಗಳವು. ಒಳಗಡೆ ಹೊಲಿಗೆಯ ದಾರ ಬಿಟ್ಟಿದ್ದರೆ ಅಪಾಯವೂ ಇದೆ: ಸಡಿಲ ಎಳೆ ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿದುಬಿಡಬಹುದು. ತೊಡಿಸುವ ಮೊದಲು ಒಳಮಗ್ಗಲು ಹೊರಗೆ ಮಾಡಿ ನೋಡಿ.

ಉಗುರು ಕತ್ತರಿಸುವುದು ಇದಕ್ಕಿಂತ ಎಷ್ಟೋ ವಾಸಿ. ಎಳೆ ಮಗುವಿನ ಉಗುರು ಕಾಗದದಷ್ಟು ತೆಳು, ಆದರೆ ಬ್ಲೇಡಿನಷ್ಟು ಚೂಪು. ವಾರಕ್ಕೊಮ್ಮೆಯಾದರೂ ತೆಗೆಯಬೇಕು. ಎಣ್ಣೆನೀರು ಹಾಕಿದ ಮೇಲೆ ಉಗುರು ಮೆತ್ತಗಾಗಿರುತ್ತದೆ, ಮಗುವೂ ಗಾಢ ನಿದ್ದೆಯಲ್ಲಿರುತ್ತದೆ. ಬೆರಳತುದಿಯ ಮಾಂಸವನ್ನು ಕೆಳಕ್ಕೆ ಒತ್ತಿ ಹಿಡಿದು, ಮಕ್ಕಳ ನೇಲ್ ಕಟರಿನಿಂದ ನೇರಕ್ಕೆ ಕತ್ತರಿಸಿ, ಕೊನೆಗೆ ಮೂಲೆಗಳನ್ನು ಸಣ್ಣ ಫೈಲಿನಲ್ಲಿ ಉಜ್ಜಿ. ಉಜ್ಜದಿದ್ದರೆ ಕತ್ತರಿಸಿದ ಉಗುರೇ ಇನ್ನೂ ಹೆಚ್ಚು ಪರಚುತ್ತದೆ. ಕಟರ್ ಹಿಡಿಯಲು ಭಯವೆಂದು ಅಜ್ಜಿಯಂದಿರು ಹಲ್ಲಿನಿಂದ ಕಚ್ಚಿ ತೆಗೆಯುವುದನ್ನು ನೋಡಿದ್ದೇನೆ. ಪ್ರೀತಿಯೇನೋ ಸರಿ, ಆದರೆ ಬಾಯಿಯ ಸೋಂಕು ಉಗುರಿನ ಸಂದಿಗೆ ಇಳಿಯಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಇನ್ನು ಮಂಗಳವಾರ ಬೇಡ, ಶುಕ್ರವಾರ ಬೇಡ, ಸಂಜೆ ದೀಪ ಹಚ್ಚಿದ ಮೇಲೆ ಬೇಡ. ನಮ್ಮನೆಯಲ್ಲಿ ಇದರ ಮೇಲೆ ಜಗಳ ಮಾಡುವ ಬದಲು ಭಾನುವಾರ ಬೆಳಿಗ್ಗೆ ಅಂತ ಗೊತ್ತು ಮಾಡಿದೆವು. ಎಲ್ಲರಿಗೂ ನೆಮ್ಮದಿ.

ಸುತ್ತಿಡುವುದೋ, ಬೆರಳು ಕೊಡುವುದೋ

ಕೈಯೆರಡನ್ನೂ ಮೈಗೆ ಸೇರಿಸಿ ಬಟ್ಟೆ ಸುತ್ತಿದರೆ ಮಗು ಎದೆಯಿಂದ ದೂರ ನೂಕುವುದು ನಿಲ್ಲುತ್ತದೆ, ನಿಜ. ಬಾಯಿ ಸರಿಯಾಗಿ ಹಿಡಿಯುವುದನ್ನು ಇನ್ನೂ ಕಲಿಯದ ಮೊದಲ ದಿನಗಳಲ್ಲಿ, ನಡುವೆ ಬಂದು ಬೀಳುವ ಕೈಯಿಂದ ತಾಯಿ ಅಳುವ ಹಂತಕ್ಕೆ ಬಂದಾಗ, ಒಂದೆರಡು ಸಲ ಹೀಗೆ ಮಾಡಿದರೆ ಯಾರೂ ತಪ್ಪು ಹಿಡಿಯಬಾರದು. ರೂಢಿ ಮಾತ್ರ ಬೇಡ. ಬೆಚ್ಚಗೆ ಸುತ್ತಿದ ಮಗು ಅರ್ಧ ಕುಡಿದು ನಿದ್ದೆ ಹೋಗಿಬಿಡುತ್ತದೆ, ಸೆಕೆಗಾಲದಲ್ಲಿ ಮೈ ಕಾಯುತ್ತದೆ. ಮಗು ಮಗ್ಗುಲಾಗುವ ಪ್ರಯತ್ನ ಶುರುಮಾಡಿತೆಂದರೆ ಕೈ ಸುತ್ತುವುದನ್ನು ಪೂರ್ತಿ ನಿಲ್ಲಿಸಬೇಕು, ಹಾಲಿನ ಹೊತ್ತಲ್ಲೂ ನಿದ್ದೆಯ ಹೊತ್ತಲ್ಲೂ.

ನಿಮ್ಮ ತೋರುಬೆರಳನ್ನು ಮಗುವಿನ ಮುಷ್ಟಿಯೊಳಗೆ ಇಡುವುದು ಇದಕ್ಕೆ ಪರ್ಯಾಯ. ಖರ್ಚಿಲ್ಲ, ತೊಳೆಯುವ ರಗಳೆಯಿಲ್ಲ. ತೊಡಕೆಂದರೆ ನಿಮ್ಮ ಒಂದು ಕೈ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅವಳಿ ಮಕ್ಕಳ ತಾಯಿಗೆ ಇದು ಆಗದ ಮಾತು. ಹೊಲಿಗೆ ಬಿದ್ದ ಹೊಟ್ಟೆ ಹೊತ್ತು ಇನ್ನೊಂದು ಕೈಯಲ್ಲಿ ದಿಂಬು ಸರಿಮಾಡಿಕೊಳ್ಳುವವಳಿಗೂ ಕಷ್ಟ. ಮಿಕ್ಕವರಿಗೆ ಮೊದಲ ಮೂರು-ನಾಲ್ಕು ತಿಂಗಳು ಇದರಷ್ಟು ಚೆನ್ನಾದ್ದು ನನಗೆ ಕಂಡಿಲ್ಲ.

ಒಂದು ಸಣ್ಣ ಗುಟ್ಟು. ಕೂದಲೋ ಸರವೋ ಮುಷ್ಟಿಯಲ್ಲಿ ಸಿಕ್ಕಿಬಿದ್ದಾಗ ಬೆರಳು ಬಿಡಿಸಲು ಎಳೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಎಳೆಯಬೇಡಿ. ಅಂಗೈಯ ಹಿಂಬದಿಯನ್ನು, ಕಿರುಬೆರಳ ಕಡೆಯಿಂದ, ಮೆಲ್ಲಗೆ ಸವರಿ. ಎಳೆಮಕ್ಕಳ ಮುಷ್ಟಿ ಹೂವಿನ ಹಾಗೆ ತೆರೆದುಕೊಳ್ಳುತ್ತದೆ. ದೊಡ್ಡವನು ಮದುವೆ ಮನೆಯೊಂದರಲ್ಲಿ ಪಕ್ಕದವರ ಜಡೆ ಹಿಡಿದಾಗ ಇದೇ ನನ್ನ ಮಾನ ಕಾಪಾಡಿತ್ತು.

ಕತ್ತಿನಲ್ಲಿ ಏನಿರಬೇಕು

ನಮ್ಮ ಕಡೆಯ ಹೆಂಗಸರಿಗೆ ಇದು ಬರೀ ಆಭರಣದ ಪ್ರಶ್ನೆಯಲ್ಲ. ನಾಲ್ಕು ತಿಂಗಳ ಮಗುವಿನ ಕಣ್ಣಿಗೆ ಕರಿಮಣಿ ಸರಕ್ಕಿಂತ ಚೆಂದದ ಆಟಿಕೆ ಇಲ್ಲ: ಕಪ್ಪು ಮಣಿ, ನಡುವೆ ಹೊಳೆಯುವ ಚಿನ್ನದ ಗುಂಡು, ತುದಿಯಲ್ಲಿ ತೂಗಾಡುವ ತಾಳಿ, ಅದೂ ಸರಿಯಾಗಿ ಮೂಗಿನ ಮುಂದೆ. ಜಗ್ಗುತ್ತದೆ, ಬಾಯಿಗಿಡುತ್ತದೆ. ನಮ್ಮವನು ಒಂದು ಮಧ್ಯಾಹ್ನ ಜಗ್ಗಿದ ರಭಸಕ್ಕೆ ದಾರ ಹರಿದು ಮಣಿಗಳೆಲ್ಲ ಹಾಸಿಗೆ ತುಂಬಾ ಹರಡಿದವು. ನಾನು ಮಣಿ ಹುಡುಕಲಿಲ್ಲ, ಅವನ ಬಾಯಿ ತೆರೆದು ಬೆರಳಾಡಿಸಿ ನೋಡಿದೆ. ಬಾಯಲ್ಲಿ ಏನೂ ಇರಲಿಲ್ಲ. ಮುಷ್ಟಿಯಲ್ಲಿ ಎರಡಿದ್ದವು. (ಹಾಗೆ ಕುರುಡಾಗಿ ಬೆರಳಾಡಿಸಬಾರದು, ಇದ್ದದ್ದು ಇನ್ನೂ ಒಳಕ್ಕೆ ಹೋಗಬಹುದು ಅಂತ ಡಾಕ್ಟರು ಆಮೇಲೆ ಬೈದರು. ಕಣ್ಣಿಗೆ ಕಂಡದ್ದನ್ನು ಮಾತ್ರ ತೆಗೆಯಬೇಕಂತೆ.)

ಅದಕ್ಕಿಂತ ದೊಡ್ಡ ಗಂಡಾಂತರ ಪಿನ್ನು. ಬೇಕಾದಾಗ ಇರಲಿ ಅಂತ ತಾಳಿ ಸರಕ್ಕೋ ಬಳೆಗೋ ಎರಡು ಪಿನ್ನು ಸಿಕ್ಕಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ಮಗು ಕೈಗೆ ಬಂದ ದಿನವೇ ಅದನ್ನು ತೆಗೆದು ಡಬ್ಬಿಗೆ ಹಾಕಿ. ಈ ಒಂದು ವಿಷಯದಲ್ಲಿ ಹೋಲಿಕೆಯೂ ಇಲ್ಲ, ಆಯ್ಕೆಯೂ ಇಲ್ಲ.

ಸರದ ವಿಷಯಕ್ಕೆ ಮೂರು ದಾರಿ. ಸರವನ್ನು ಬೆನ್ನ ಹಿಂದಕ್ಕೆ ಹಾಕಿಕೊಳ್ಳುವುದು ಮೊದಲನೆಯದು. ಸುಲಭ, ಆದರೆ ಮಲಗಿ ಹಾಲು ಕೊಡುವಾಗ ಅದು ಕತ್ತಿಗೇ ಒತ್ತುತ್ತದೆ, ಐದು ನಿಮಿಷಕ್ಕೆ ಮುಂದೆ ಜಾರಿ ಬರುತ್ತದೆ. ಹಾಲು ಕುಡಿಸುವಷ್ಟು ಹೊತ್ತು, ಅದರಲ್ಲೂ ರಾತ್ರಿ, ತೆಗೆದು ದೇವರ ಮನೆಯಲ್ಲಿಡುವುದು ಎರಡನೆಯದು. ಮೂರನೆಯದು, ಉದ್ದ ಸರದ ಬದಲು ಕತ್ತಿಗಂಟುವ ಗಿಡ್ಡ ಸರಕ್ಕೆ, ದಾರದ ಬದಲು ಗಟ್ಟಿ ಚೈನಿಗೆ ಪೋಣಿಸಿಕೊಳ್ಳುವುದು. ಅರಿಶಿನ ದಾರದಲ್ಲೇ ತಾಳಿ ಕಟ್ಟಿಕೊಂಡಿರುವವರಿಗೆ ಇನ್ನೊಂದು ರಗಳೆ. ಹಾಲು, ಬೆವರು, ಜೊಲ್ಲು ಎಲ್ಲ ಹೀರಿ ಆ ದಾರ ಕೊಳೆಯಾಗಿರುತ್ತದೆ, ಮಗು ಅದನ್ನೇ ಚೀಪುತ್ತದೆ. ಆಗಾಗ ಹೊಸ ದಾರ ಬದಲಿಸಿ. ನನಗೆ ಒಗ್ಗಿದ್ದು ಎರಡನೆಯ ದಾರಿ. ತೆಗೆದಿಡುವ ಮಾತಿಗೆ ಅತ್ತೆ ಒಪ್ಪುತ್ತಾರೋ ಇಲ್ಲವೋ ಅಂತ ಹೆದರಿದ್ದೆ. ಹರಿದ ಸರ, ಮಗುವಿನ ಮುಷ್ಟಿಯಲ್ಲಿದ್ದ ಎರಡು ಮಣಿ ತೋರಿಸಿದ ಮೇಲೆ ಅವರೇ ದೇವರ ಮನೆಯಲ್ಲೊಂದು ಬೆಳ್ಳಿ ಬಟ್ಟಲು ಇಟ್ಟುಕೊಟ್ಟರು. ಎಲ್ಲ ಮನೆಯಲ್ಲೂ ಇಷ್ಟು ಸಲೀಸಾಗಿ ಆಗಲಿಕ್ಕಿಲ್ಲ. ಆಗದಿದ್ದರೆ ಗಿಡ್ಡ ಸರವೇ ಗಟ್ಟಿ.

ಈಗ ಮಾರುಕಟ್ಟೆಯ ಸರಕು: ಹಾಲೂಡಿಸುವ ಅಮ್ಮಂದಿರಿಗೆಂದೇ ದೊಡ್ಡ ದೊಡ್ಡ ಸಿಲಿಕೋನ್ ಅಥವಾ ಮರದ ಮಣಿಗಳ ಸರ ಸಿಗುತ್ತದೆ. ಮಗುವಿನ ಕೈಗೆ ಬಣ್ಣದ ಗುಂಡುಗಳು, ನಿಮ್ಮ ಚರ್ಮಕ್ಕೆ ಬಿಡುವು. ನಾಲ್ಕರಿಂದ ಎಂಟು ತಿಂಗಳ, ಕಣ್ಣು ಅತ್ತಿತ್ತ ಓಡುವ ಮಗುವಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೊಳ್ಳುವುದಾದರೆ ಪ್ರತಿ ಮಣಿಯ ನಡುವೆ ಗಂಟಿದೆಯೇ ನೋಡಿ, ಒಂದು ಮಣಿ ಕಳಚಿದರೆ ಮಿಕ್ಕವು ಉದುರಬಾರದು. ಬಲವಾಗಿ ಎಳೆದಾಗ ಹಿಂದಿನ ಕೊಂಡಿ ಬಿಚ್ಚಿಕೊಳ್ಳಬೇಕು. ಮುಖ್ಯವಾಗಿ, ಅದು ನಿಮ್ಮ ಕತ್ತಿಗೆ. ಮಗುವಿನ ಕತ್ತಿಗೆ ಎಂದೂ ಹಾಕಬೇಡಿ, ತೊಟ್ಟಿಲಲ್ಲಿ ಬಿಡಬೇಡಿ. ಹಲ್ಲು ಬರುವ ಮಕ್ಕಳಿಗೆ ಹಾಕುವ ಸರ-ಬಳೆಗಳಿಂದ ಉಸಿರು ಕಟ್ಟುವ, ಕುತ್ತಿಗೆ ಬಿಗಿಯುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ.

ಆ ಸರ ಕೊಂಡವಳಾಗಿ ಹೇಳುತ್ತೇನೆ, ಸೆರಗಿನ ತುದಿ ಅದಕ್ಕಿಂತ ಏನೂ ಕಮ್ಮಿಯಿಲ್ಲ. ಹಳೇ ಹತ್ತಿ ಸೀರೆಯ ಸೆರಗಿಗೆ ಒಂದು ಗಂಟು ಹಾಕಿ ಮಗುವಿನ ಕೈಗೆ ಕೊಡಿ. ಗಂಟು ಹಿಡಿಯಲು ಗುಂಡಗಿರುತ್ತದೆ, ಚೀಪಿದರೂ ಭಯವಿಲ್ಲ, ನಿಮ್ಮ ಮೈವಾಸನೆಯೂ ಇರುತ್ತದೆ. ಚೂಡಿದಾರ ತೊಡುವವರು ಒಂದು ಕರ್ಚೀಫಿಗೆ ಹಾಗೇ ಗಂಟು ಹಾಕಿಟ್ಟುಕೊಂಡರಾಯಿತು. ಜರಿ ಅಂಚು ಮಾತ್ರ ಬೇಡ, ಎಳೆ ಬಿಟ್ಟರೆ ಬಾಯಿಗೆ ಹೋಗುತ್ತದೆ, ಕೆನ್ನೆಗೂ ತರಚುತ್ತದೆ. ಮಗು ನಿದ್ದೆ ಹೋದ ಮೇಲೆ ಬಟ್ಟೆಯನ್ನು ಮುಖದ ಹತ್ತಿರ ಬಿಡದೆ ತೆಗೆದುಬಿಡಿ. ಗಿಲಕಿ ಕೊಡುವ ಯೋಚನೆ ನಿಮಗೂ ಬಂದಿದ್ದರೆ, ನನ್ನ ಮುಂದಿನ ಹಲ್ಲಿಗೆ ಬಿದ್ದ ಏಟು ನೆನೆದು ಹೇಳುತ್ತೇನೆ, ಬೇಡ.

ಕೂದಲಿಗೆ ಅಷ್ಟು ದೊಡ್ಡ ಶಾಸ್ತ್ರವೇನಿಲ್ಲ, ಎತ್ತಿ ಗಂಟು ಕಟ್ಟಿ. ಆದರೆ ಒಂದು ಮಾತು. ಹೆರಿಗೆಯಾದ ಮೂರು-ನಾಲ್ಕು ತಿಂಗಳಿಗೆ ಕೂದಲು ಕಂತೆಕಂತೆಯಾಗಿ ಉದುರುವ ಕಾಲ ಬರುತ್ತದೆ, ಮಗು ಜಗ್ಗಲು ಕಲಿಯುವ ಕಾಲವೂ ಅದೇ. ಹಿಡಿದು ಬಿಟ್ಟ ಕೂದಲೆಳೆ ಬೆರಳ ಸಂದಿಯಲ್ಲಿ ಉಳಿದು, ಸುತ್ತಿಕೊಂಡು ಬೆರಳು ಊದುವುದುಂಟು. ಕಾರಣ ಗೊತ್ತಾಗದೆ ಮಗು ಒಂದೇ ಸಮ ಕಿರುಚುತ್ತಿದ್ದರೆ ಕೈಕಾಲಿನ ಹತ್ತು ಹತ್ತು ಬೆರಳನ್ನೂ ಬಿಡಿಸಿ ನೋಡಿ.

ಇನ್ನೊಂದು ಬದಿಯ ರಗಳೆ

ಇದರ ಬಗ್ಗೆ ಬಾಯಿ ಬಿಟ್ಟು ಹೇಳುವವರು ಕಮ್ಮಿ. ಮಗು ಒಂದು ಕಡೆ ಕುಡಿಯುತ್ತಾ ಇನ್ನೊಂದು ತೊಟ್ಟನ್ನು ಹೊಸಕುತ್ತಿದ್ದರೆ ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಕೆಲವರಿಗೆ ಮೈಯೆಲ್ಲ ಮುಳ್ಳೆದ್ದು, ಮಗುವನ್ನು ಆಚೆ ನೂಕಿ ಎದ್ದುಹೋಗಬೇಕು ಅನ್ನಿಸಿಬಿಡುತ್ತದೆ. ನನಗೆ ಎರಡನೆಯದು ಆಗುತ್ತಿತ್ತು, ಆಮೇಲೆ "ನಾನೆಂಥ ತಾಯಿ" ಅಂತ ಅಳು. ಮಗು ಅದನ್ನು ಮಾಡುವುದು ಸುಮ್ಮನಲ್ಲ: ಹೀಗೆ ತಡವಿದರೆ ಹಾಲು ಬೇಗ ಇಳಿಯುತ್ತದೆ ಅನ್ನುವುದು ಅದರ ಕೈಗೆ ಗೊತ್ತಾಗಿರುತ್ತದೆ. ಹಾಗಂತ ತಾಯಿ ಹಲ್ಲು ಕಚ್ಚಿ ಸಹಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಮೈ ಒಲ್ಲೆ ಅಂದರೆ ಅಷ್ಟೇ ಕಾರಣ ಸಾಕು.

ಬಟ್ಟೆಯಿಂದಲೇ ಅರ್ಧ ಕೆಲಸ ಆಗುತ್ತದೆ, ಇಲ್ಲಿ ಹೋಲಿಕೆ ಸ್ವಾರಸ್ಯವಾಗಿದೆ. ಫೀಡಿಂಗ್ ನೈಟಿಯಲ್ಲಿ ಎರಡು ಕಡೆ ಉದ್ದ ಜಿಪ್ ಇರುತ್ತದೆ. ಎಂಟು ತಿಂಗಳ ಕೈಗೆ ಆ ಎರಡನೇ ಜಿಪ್ಪು ಬಾಗಿಲು ಇದ್ದಂತೆ. ನಮ್ಮವಳು ಜಿಪ್ಪಿನ ಕೊಂಡಿ ಎಳೆಯುವುದನ್ನು ನಡೆಯುವುದಕ್ಕೂ ಮೊದಲೇ ಕಲಿತಳು. ನಡುವೆ ಒಂದೇ ಉದ್ದ ಜಿಪ್ ಇರುವ ನೈಟಿ ಇನ್ನೂ ಕಡೆ, ಎರಡೂ ಬದಿ ಒಟ್ಟಿಗೆ ತೆರೆದುಬಿಡುತ್ತದೆ. ಟೀ-ಶರ್ಟ್ ಮೇಲೆತ್ತಿ ಕುಡಿಸಿದರೆ ಇನ್ನೊಂದು ಬದಿ ಮುಚ್ಚಿರುತ್ತದೆ, ಹೊಟ್ಟೆ ಬಯಲಾಗುತ್ತದೆ. ಒಳಗೊಂದು ಬನಿಯನ್ ಹಾಕಿ ಅದನ್ನು ಕೆಳಕ್ಕೆ, ಟೀ-ಶರ್ಟನ್ನು ಮೇಲಕ್ಕೆ ಮಾಡಿದರೆ ಅದೂ ಸರಿಹೋಗುತ್ತದೆ. ಎಲ್ಲಕ್ಕಿಂತ ಗೆದ್ದದ್ದು ನಮ್ಮ ಹಳೇ ಮುಂದಿನ ಹುಕ್ಕಿನ ರವಿಕೆ. ಕೆಳಗಿನ ಎರಡು ಹುಕ್ಕು ಬಿಚ್ಚಿ ಒಂದು ಬದಿಯನ್ನಷ್ಟೇ ಮೇಲೆತ್ತಿದರೆ ಇನ್ನೊಂದು ಬದಿಗೆ ರವಿಕೆಯ ಬಿಗಿಯೇ ಕಾವಲು, ಮೇಲೆ ಸೆರಗು ಬೇರೆ. ಅಜ್ಜಿಯಂದಿರು ಇದರ ಬಗ್ಗೆ ದೂರಿದ್ದು ನಾನು ಕೇಳದಿರುವುದಕ್ಕೆ ಇದೇ ಕಾರಣವಿರಬಹುದು, ಅಥವಾ ಅವರು ದೂರುವ ಪೈಕಿ ಅಲ್ಲದೆಯೂ ಇರಬಹುದು.

ಬಟ್ಟೆಯಿಂದ ಆಗದಿದ್ದರೆ ನಿಮ್ಮ ಕೈಯನ್ನು ಆ ಕಡೆ ಅಡ್ಡ ಇಡುವುದು, ಅಂಗೈ ಹೊರಕ್ಕೆ ಮಾಡಿ. ಮಗುವಿನ ಕೈ ಬಂದು ನಿಮ್ಮ ಅಂಗೈಯಲ್ಲೇ ಕೂರುತ್ತದೆ, ಬೆರಳಾಟ ಅಲ್ಲೇ ಮುಗಿಯುತ್ತದೆ. ಹಾಲು ನಿಧಾನವಾಯಿತೆಂದು ಮಗು ಬಡಿಯುತ್ತಿದೆ, ಗುದ್ದುತ್ತಿದೆ ಅನ್ನಿಸಿದರೆ, ಕುಡಿಯುತ್ತಿರುವ ಎದೆಯನ್ನು ನೀವೇ ಮೆಲ್ಲಗೆ ಒತ್ತಿಹಿಡಿದು ಬಿಡುತ್ತಾ ಬನ್ನಿ. ಹಾಲು ಬರುತ್ತಿದ್ದಂತೆ ಗುದ್ದಾಟ ನಿಲ್ಲುವುದನ್ನು ನೋಡಬಹುದು.

ಮಚ್ಚೆಗೆ ಗಾಯದ ಪಟ್ಟಿ ಅಂಟಿಸುವುದು ನನ್ನ ಸ್ವಂತ ಐಡಿಯಾ, ಪೂರಾ ಫೇಲು. ಅವಳಿಗೆ ಸುಲಿಯಲು ಹೊಸದೊಂದು ಸಿಕ್ಕಿತು. ಕಿತ್ತ ಪಟ್ಟಿ ಬಾಯಿಗೆ ಹೋಗುವ ಮೊದಲು ಕಸಿದುಕೊಳ್ಳುವುದೇ ಕೆಲಸವಾಯಿತು.

ಭಂಗಿ ಬದಲಿಸಿದರೆ?

ಸ್ವಲ್ಪ ಮಟ್ಟಿಗೆ ಸಹಾಯವಾಗುತ್ತದೆ. ತೊಡೆಯ ಮೇಲೆ ಅಡ್ಡ ಮಲಗಿಸಿದಾಗ ಮಗುವಿನ ಕೆಳಗಿನ ಕೈಯನ್ನು ನಿಮ್ಮ ಸೊಂಟ ಬಳಸಿ ಬೆನ್ನ ಕಡೆ ಹಾಕಿಬಿಟ್ಟರೆ ನಿಭಾಯಿಸಲು ಒಂದೇ ಕೈ ಉಳಿಯುತ್ತದೆ. ಕಾಲುಗಳು ನಿಮ್ಮ ಬೆನ್ನ ಕಡೆ ಬರುವಂತೆ ಮಗುವನ್ನು ಕಂಕುಳ ಕೆಳಗೆ ಹಿಡಿದರೆ ಇನ್ನೊಂದು ಬದಿ ಅದರ ಕೈಗೆ ದೂರವಾಗುತ್ತದೆ. ಎಳೆಮಕ್ಕಳಿಗೆ ಚೆನ್ನ, ಆರು ತಿಂಗಳು ದಾಟಿದ ಉದ್ದ ಮಗು ಗೋಡೆಗೆ ಒದ್ದು ಮುಂದೆ ಬರುತ್ತದೆ. ಮಗ್ಗುಲಲ್ಲಿ ಮಲಗಿ ಕೊಡುವುದು ಅಮ್ಮನ ಬೆನ್ನಿಗೆ ಹಿತ, ಆದರೆ ಮಗುವಿನ ಮೇಲಿನ ಕೈಗೆ ಇಡೀ ಸಾಮ್ರಾಜ್ಯ ಸಿಕ್ಕಂತಾಗುತ್ತದೆ. ಎಲ್ಲಕ್ಕಿಂತ ಸಲೀಸು, ಕತ್ತಲೆ ಕೋಣೆಗೆ ಹೋಗಿ ಕುಡಿಸುವುದು. ನಾಲ್ಕೈದು ತಿಂಗಳ ಮಗುವಿಗೆ ನೋಡಲು ಏನೂ ಇಲ್ಲದಿದ್ದರೆ ಕೈಗೂ ಅರ್ಧ ಉತ್ಸಾಹ ಇಳಿಯುತ್ತದೆ.

ಬಸ್ಸಿನಲ್ಲಿ ಕತ್ತಲೆ ಕೋಣೆ ಎಲ್ಲಿಂದ ತರುವುದು? ಅಲ್ಲಿ ದುಪಟ್ಟಾ ಹೊದ್ದು ಕುಡಿಸಿದರೆ ಆರು ತಿಂಗಳ ಮಗು ಮೊದಲು ಮಾಡುವುದೇ ಅದನ್ನು ಎಳೆದು ಎಸೆಯುವುದು. ದುಪಟ್ಟಾದ ಒಂದು ತುದಿಯನ್ನು ಬ್ಯಾಗಿನ ಪಟ್ಟಿಗೆ ಸಿಕ್ಕಿಸಿ, ಗಂಟು ಹಾಕಿದ ಇನ್ನೊಂದು ತುದಿಯನ್ನು ಅದರ ಕೈಗೇ ಕೊಡಿ. ಕಿಟಕಿ ಪಕ್ಕದ ಸೀಟು, ಕಿಟಕಿಯ ಕಡೆಯ ಎದೆ. ತುಮಕೂರು ದಾರಿಯಲ್ಲಿ ಹೀಗೆ ಎಷ್ಟು ಸಲ ಓಡಾಡಿದ್ದೇನೋ.

ಡಾಕ್ಟರಿಗೆ ತೋರಿಸಬೇಕಾದ್ದು

ಕೈಯಾಟ ಎಲ್ಲವೂ ಆಟವಲ್ಲ. ಕುಡಿಯುವಾಗ ಮತ್ತೆ ಮತ್ತೆ ಕಿವಿ ಎಳೆದುಕೊಳ್ಳುತ್ತಾ ಅಳುತ್ತಿದ್ದು, ಜ್ವರವೂ ಇದ್ದರೆ ಕಿವಿಯ ಸೋಂಕಿರಬಹುದು. ನಿಮ್ಮ ಎದೆಯ ಮೇಲಿನ ಪರಚು ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಚಳಿಜ್ವರ ಬಂದರೆ ಆ ದಿನವೇ ಹೋಗಿ. ಡಾಕ್ಟರು ಬೇಡ ಅನ್ನದ ಹೊರತು ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ, ಹಾಲು ಕಟ್ಟಿಕೊಂಡರೆ ನೋವು ಹೆಚ್ಚುತ್ತದೆ. ಮಗು ಕಿತ್ತ ಮಚ್ಚೆಯಿಂದ ರಕ್ತ ಬಂದರೆ, ಅದರ ಬಣ್ಣ, ಆಕಾರ ಬದಲಾದರೆ ಅದನ್ನೂ ತೋರಿಸಿ. ಇನ್ನೊಂದು ಸಂಗತಿಯನ್ನು ಹಾಲು ಕುಡಿಸುವ ತಾಯಿಯೇ ಎಲ್ಲರಿಗಿಂತ ಮೊದಲು ಗಮನಿಸಬಲ್ಲಳು: ಮಗುವಿನ ಒಂದು ಕೈ ಮಾತ್ರ ಆಡುತ್ತದೆ, ಇನ್ನೊಂದು ಯಾವ ಬದಿಗೆ ಹಾಕಿಕೊಂಡರೂ ಸುಮ್ಮನೆ ಮುಷ್ಟಿ ಬಿಗಿದು ಬಿದ್ದಿರುತ್ತದೆ. ವರ್ಷದೊಳಗೆ ಹೀಗಿದ್ದರೆ "ಎಡಚನೋ ಬಲಚನೋ ಆಗ್ತಾನೆ" ಅಂತ ನಗಬೇಡಿ. ಯಾವ ಕೈ ರೂಢಿ ಅನ್ನುವುದು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ.

ಮಾತು ತಿಳಿಯುವ ವಯಸ್ಸಿಗೆ

ವರ್ಷ ತುಂಬಿದ ಮೇಲೆ ಮಣಿಸರಕ್ಕಿಂತ ಮಾತು ಹೆಚ್ಚು ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ, ಇಷ್ಟವಿದ್ದರೆ ಅದರಾಚೆಗೂ ಎದೆಹಾಲು ಕೊಡಿ ಅನ್ನುತ್ತದೆ. ಅಷ್ಟು ದಿನ ಕೊಡಬೇಕೆಂದಿದ್ದರೆ ಈ ಒಪ್ಪಂದ ಆಗಲೇಬೇಕು, ಇಲ್ಲದಿದ್ದರೆ ಕೈಯ ಕಾಟಕ್ಕೇ ಹಾಲು ಬಿಡಿಸುವಂತಾಗುತ್ತದೆ. ಕೈಗೆ ಪಟ್ ಅಂತ ಹೊಡೆಯುವವರಿದ್ದಾರೆ. ಮಗು ಅದನ್ನೂ ಆಟವೆಂದುಕೊಂಡು ತಿರುಗಿ ಹೊಡೆಯುತ್ತದೆ, ಇಲ್ಲವೇ ಹೆದರಿ ಕಚ್ಚುತ್ತದೆ. ಹಾಲು ಬಿಡಿಸುವಾಗ ಬೇವಿನ ರಸ ಹಚ್ಚುವ ಪದ್ಧತಿಯನ್ನು ಇಲ್ಲಿಗೂ ತರುವವರುಂಟು. ಕೈಯ ತಪ್ಪಿಗೆ ಬಾಯಿಗೆ ಶಿಕ್ಷೆ, ಅಷ್ಟೇ.

ನಾನು ಮಾಡಿದ್ದು: "ಹೀಗೆ ಮಾಡಿದ್ರೆ ಅಮ್ಮಂಗೆ ಉರಿ ಆಗತ್ತೆ" ಅಂತ ಒಂದೇ ಮಾತು, ಪ್ರತಿ ಸಲ ಅದೇ ಮಾತು. ಕೇಳದಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಮೊಲೆ ಬಿಡಿಸಿ, ಹತ್ತು ಎಣಿಸಿ, ಮತ್ತೆ ಕೊಡುವುದು. ಸಿಟ್ಟಿಲ್ಲ, ಬೈಗುಳವಿಲ್ಲ. ಹಗಲು ಒಪ್ಪಿ ರಾತ್ರಿ ಸಡಿಲ ಬಿಟ್ಟ ಮೊದಲ ವಾರ ಏನೂ ನಡೆಯಲಿಲ್ಲ. ಎರಡೂ ಹೊತ್ತು ಒಂದೇ ಥರ ಮಾಡಿದ ಮೇಲೆ ಹತ್ತು-ಹನ್ನೆರಡು ದಿನಕ್ಕೆ ದಾರಿಗೆ ಬಂದಳು. "ಕೈ ಎಲ್ಲಿ ಇಡ್ತೀಯಾ?" ಅಂತ ಮೊದಲೇ ಕೇಳಿ ಅವಳೇ ಒಂದು ಜಾಗ ಆರಿಸುವಂತೆ ಮಾಡಿದ್ದು ಎಲ್ಲಕ್ಕಿಂತ ಫಲ ಕೊಟ್ಟಿತು.

ಅವಳು ಆರಿಸಿದ್ದು ನನ್ನ ಮೊಣಕೈ. ತೋಳು ಚಾಚಿದಾಗ ಮೊಣಕೈ ಹಿಂದೆ ಸುಕ್ಕು ಸುಕ್ಕಾಗಿ ಸಡಿಲ ತೊಗಲು ನಿಲ್ಲುತ್ತದಲ್ಲ, ಅದು. ಅಲ್ಲಿ ಎಷ್ಟು ಚಿವುಟಿದರೂ ನೋವಾಗುವುದಿಲ್ಲ, ನೀವೇ ಚಿವುಟಿ ನೋಡಿಕೊಳ್ಳಿ. ಈಗ ಅವಳಿಗೆ ಎರಡು ವರ್ಷ ಮೇಲೆ ಮೂರು ತಿಂಗಳು. ಮಚ್ಚೆ ಮರೆತೇಹೋಗಿದೆ. ನಾನು ಆಫೀಸಿಗೆ ಹೋದಾಗ ಮಧ್ಯಾಹ್ನ ಅಜ್ಜಿಯ ಮೊಣಕೈ ಹಿಡಿದು ಮಲಗುತ್ತಾಳೆ. "ಆಡ್ಕೊಳ್ಲಿ ಬಿಡು" ಅಂದವರು ಈಗ ಮೊಣಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ.